ಹಿಂದಕ್ಕೆ ಹೋಗದ ಗಾಡಿ

ಗಾಡಿ ಹೊಡೆಯುವುದು ಬಿಡು ಅಂತ ಯಶೋಧಾಗೆ ಹೇಳದವರು ಒಬ್ಬನ ಹೊರತು ಯಾರೂ ಉಳಿದಿರಲಿಲ್ಲ. ಡಾಕ್ಟರು ಹೇಳಿದರು. ಮಗಳು ಸಾಕ್ಷಿ ಅತ್ತು ಹೇಳಿದಳು. ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವವನು, ಅವನನ್ನು ಯಾರೂ ಕೇಳದಿದ್ದರೂ, ಹೇಳಿದ. ಅರವತ್ತು ದಾಟಿದ ಹೆಂಗಸು, ಬಲಗಡೆ ಸೊಂಟದ ಎಲುಬು ಮುರಿದು ಸ್ಟೀಲಿನ ಪಟ್ಟಿ ಹಾಕಿಸಿಕೊಂಡವಳು. ಇನ್ನೊಮ್ಮೆ ಬಿದ್ದರೆ ಏಳುವ ಮಾತೇ ಇಲ್ಲ ಎಂದು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದ ಮೇಲೂ ಮೋಟಾರ್ ಸೈಕಲ್ಲಿನ ಚಾವಿಯನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡೇ ಕೂತರೆ ಜನ ಇನ್ನೇನು ಹೇಳಿಯಾರು?

ಜನ ಹೇಳುವುದನ್ನು ಯಶೋಧಾ ಮೊದಲಿನಿಂದಲೂ ಕೇಳಿದವಳಲ್ಲ. ಇಂಡಿ ಕಡೆಯ ಅವಳ ತವರಲ್ಲಿ ಕೇರಿಯವರು ಚಾವಡಿ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಹಾಯಬೇಕಿತ್ತು. ಅವಳ ತಾಯಿ ಹಾಗೆಯೇ ಹಾದು ಸತ್ತಳು. ಯಶೋಧಾ ಹರೆಯದಲ್ಲಿ ಹಳೆಯ ಮೋಟಾರ್ ಸೈಕಲ್ ಒಂದನ್ನು ಕೊಂಡು, ಕಾಲಲ್ಲಿ ಚಪ್ಪಲಿ ಮೆಟ್ಟಿ, ಅದೇ ಚಾವಡಿಯ ಮುಂದೆ ಹೋಗಿ ತಿರುಗಿ ಬಂದು ಮತ್ತೆ ಹೋದಳು. ಅವತ್ತು ಬೆನ್ನ ಹಿಂದೆ ಬಿದ್ದ ಬೈಗುಳ ಗಾಡಿಯ ಸದ್ದಿಗೆ ಸರಿಯಾಗಿ ಕೇಳಿಸಲೂ ಇಲ್ಲ. ಆಮೇಲೆ ಅದೇ ಗಾಡಿ, ಅದು ಸವೆದ ಮೇಲೆ ಇನ್ನೊಂದು, ಅವಳನ್ನು ಸಿಂದಗಿ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಹಳ್ಳಿ ಹಳ್ಳಿಗೆ ಒಯ್ದಿತು. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಅಗೆಯುವ ಹೆಣ್ಣಾಳುಗಳನ್ನು ಕೂಡಿಸಿ ಅವಳು ಕಟ್ಟಿದ ಸಂಘ ನಾಲ್ಕು ತಾಲೂಕಿಗೆ ಹಬ್ಬಿತು.

ಅವಳು ಬಿದ್ದದ್ದು ಓಡುವ ಗಾಡಿಯಿಂದಲ್ಲ, ನಿಂತ ಗಾಡಿಯಿಂದ. ಹೋದ ಮಳೆಗಾಲ ನಾಲತವಾಡದ ದಾರಿಯಲ್ಲಿ ಗುರುತಿನವಳೊಬ್ಬಳು ಕೈ ಮಾಡಿದಳೆಂದು ನಿಲ್ಲಿಸಿದ್ದಳು. ಎರೆ ಮಣ್ಣಿನ ರಾಡಿಯಲ್ಲಿ ಗಾಡಿ ಬಲಕ್ಕೆ ವಾಲಿತು. ಮೊದಲಾಗಿದ್ದರೆ ಬಲಗಾಲೊತ್ತಿ ಎತ್ತಿ ನಿಲ್ಲಿಸುತ್ತಿದ್ದಳು. ಕಾಲು ಮಾತು ಕೇಳಲಿಲ್ಲ. ಗಾಡಿಯ ಭಾರವೆಲ್ಲ ಸೊಂಟದ ಮೇಲೆ ಬಂತು.

ಅವಳು ಕೋಲು ಹಿಡಿದು ಓಡಾಡುವಂತಾದ ಮೇಲೆ ಸಂಘದ ಕಾರ್ಯದರ್ಶಿ ಸಂಜೀವಕುಮಾರ ಹಣ್ಣಿನ ಚೀಲ ಹಿಡಿದುಕೊಂಡು ಮನೆಗೆ ಬಂದ. ಮೂವತ್ತೈದರ ಚುರುಕಿನ ಮನುಷ್ಯ, ಅವಳೇ ತಿದ್ದಿ ಬೆಳೆಸಿದವನು.

"ಅಕ್ಕಾರ, ಎಲ್ಲಾರೂ ಮಾತಾಡೇವ್ರಿ. ನಿಮ್ಮನ್ನ ಗೌರವಾಧ್ಯಕ್ಷೆ ಮಾಡ್ತೇವಿ. ಮನ್ಯಾಗ ಕುಂತ ಮಾರ್ಗದರ್ಶನ ಮಾಡ್ರಿ."

"ಗೌರವ ಅಂದ್ರ ಏನಪಾ? ಗ್ವಾಡಿಗೆ ಹಾಕೂ ಫೋಟೋ ಏನು? ಮಾಲಿನೂ ಇದ್ರಾಗ ತಂದೀಯೇನು, ಬರೇ ಬಾಳಿಹಣ್ಣು ಅದಾವ?"

"ಯವ್ವಾ, ಹಂಗ್ಯಾಕಂತೀರಿ! ಎಲ್ಲೆರೆ ಹೋಗೂದಿದ್ರ ನಾ ಇದ್ದೇನಲ್ರಿ. ನನ್ನ ಹಿಂದ ಕುಂದರ್ರಿ, ಕರ್ಕೊಂಡ ಹೋಗ್ತೇನಿ."

ಅವನ ಹಿಂದೆ ಕೂರುವುದು. ಅಲ್ಲೇ ಇತ್ತು ಎಲ್ಲ. ಕೆಲಸದ ಜಾಗಕ್ಕೆ ಅವಳು ಒಬ್ಬಳೇ ಹೋಗಿ ಗಾಡಿ ನಿಲ್ಲಿಸಿದರೆ ಒಬ್ಬೊಬ್ಬಳೇ ಬುಟ್ಟಿ ಇಳಿಸಿ ಹತ್ತಿರ ಬರುತ್ತಿದ್ದಳು. ಮೇಸ್ತ್ರಿ ಕೈ ಎಲ್ಲಿ ಹಾಕುತ್ತಾನೆ, ಹಾಜರಿ ಹಾಕಲು ಯಾರನ್ನು ಗಿಡದ ಮರೆಗೆ ಕರೆಯುತ್ತಾನೆ ಎನ್ನುವ ಮಾತುಗಳು ಹ್ಯಾಂಡಲ್ಲಿನ ಹತ್ತಿರ ಬಂದು, ದನಿ ಇಳಿಸಿ, ಹೊರಗೆ ಬೀಳುವ ಮಾತುಗಳು. ಗಂಡಸೊಬ್ಬ ಗಾಡಿ ಹೊಡೆದುಕೊಂಡು ಬಂದು ಅಲ್ಲೇ ನಿಂತಿದ್ದರೆ, ಅವನು ಎಷ್ಟೇ ಒಳ್ಳೆಯವನಾಗಿದ್ದರೂ, ಆ ಮಾತು ಹುಟ್ಟುವುದಿಲ್ಲ. "ಎಲ್ಲಾ ಚಲೋ ಐತ್ರಿ" ಅನ್ನುತ್ತಾರೆ, ಬುಟ್ಟಿ ಎತ್ತಿಕೊಳ್ಳುತ್ತಾರೆ. ಸಂಘ ಅಲ್ಲಿಗೆ ಸತ್ತಿತು.

"ಸಂಜೂ, ಕೇಳು," ಅಂದಳು ಯಶೋಧಾ. "ಈ ಬ್ಯಾಸಿಗಿ ಮುಗಿಯೂದ್ರಾಗ ನಾಕೂ ತಾಲೂಕಿನ ನಮ್ಮ ಊರೆಲ್ಲಾ ನನ್ನ ಗಾಡಿ ಮ್ಯಾಲ ನಾನ ಮುಟ್ಟತೇನಿ. ಒಂದ ಊರು ತಪ್ಪಲಿ, ಒಂದ ಊರಿಗೆ ಇನ್ನೊಬ್ರ ಬೆನ್ನ ಹಿಂದ ಕುಂತು ಹೋಗಲಿ, ಅವತ್ತ ಎಲ್ಲಾ ನಿನಗ ಒಪ್ಪಸ್ತೇನಿ. ಪೈಜು."

"ಯಾವ ಗಾಡಿರಿ ಅಕ್ಕಾರ? ನಿಮಗ ನಿಂದ್ರಾಕ ಬರವಲ್ದು."

"ನಾ ನಿಂದ್ರಬೇಕಂತ ಯಾರಂದ್ರು? ಗಾಡಿ ನಿಂತ್ರ ಸಾಕಿಲ್ಲ?"

ಆ ಮಾತು ಅವಳದಲ್ಲ, ಇಸ್ಮಾಯಿಲನದು. ತಾಳಿಕೋಟಿ ರಸ್ತೆಯಲ್ಲಿ ಬೆಸುಗೆ ಅಂಗಡಿ ಇಟ್ಟ ಇಸ್ಮಾಯಿಲ ಅವಳ ಗಾಡಿಗಳಿಗೆಲ್ಲ ಹುಟ್ಟು ವೈದ್ಯ. ಬಿಡು ಎನ್ನದೆ ಇದ್ದವನು ಅವನೊಬ್ಬನೇ. ಬಿದ್ದ ಗಾಡಿಯನ್ನು ಸುತ್ತಿ ನೋಡಿ, ಅವಳ ನಡಿಗೆಯನ್ನೂ ಅಷ್ಟೇ ಸಾವಕಾಶವಾಗಿ ನೋಡಿ, "ಎಂಜಿನ್ ಚಲೋ ಐತಿ, ಬುಡ ಅಷ್ಟ ಸಡ್ಲ ಆಗೈತಿ" ಅಂದಿದ್ದ. ಗಾಡಿಯದೋ ಅವಳದೋ ಅಂತ ಅವಳು ಕೇಳಲಿಲ್ಲ. ಹಿಂದಿನ ಒಂದು ಗಾಲಿ ತೆಗೆದು ಆಟೋದ ಹಾಗೆ ಅಚ್ಚು ಕೂಡಿಸಿ ಎರಡು ಗಾಲಿ ಹಾಕಿದ. ಕಾಲಿನ ಬ್ರೇಕನ್ನು ಕೈಗೆ ತಂದ. ಸೀಟು ಇಳಿಸಿ, ಬೆನ್ನಿಗೆ ಆಸರೆ ಮಾಡಿ, ಕೋಲಿಗೊಂದು ಕೊಕ್ಕೆ ಬೆಸೆದ. ಸರಕಾರಿ ಕಚೇರಿಗೆ ಅಲೆದು ಒಪ್ಪಿಗೆಯ ಸಿಕ್ಕಾ ಹಾಕಿಸಿಕೊಂಡು ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು.

"ಅಕ್ಕಾ, ಇಷ್ಟ ವರ್ಷ ಕಲತದ್ದೆಲ್ಲಾ ಈಗ ಮರೀಬೇಕು," ಅಂದ ಮೊದಲ ದಿನ. "ತಿರುವಿನ್ಯಾಗ ಬಾಗಬ್ಯಾಡ. ಇದು ಬಾಗೂದಿಲ್ಲ. ನೀ ಬಾಗಿದ್ರ ನೀ ಒಬ್ಬಾಕಿನ ಬಾಗ್ತಿ, ಗಾಡಿ ನೆಟ್ಟಗ ಹೋಗಿ ಗ್ವಾಡಿ ಹಾಯ್ತೈತಿ. ಹ್ಯಾಂಡಲ್ ತಿರುವು, ಕಣಕ ನಾದಿದಂಗ ಜಬರದಸ್ತ್ ತಿರುವು."

"ಬಾಗದ ಗಾಡಿ! ಕಡೀಕ ನನ್ನ ಜೋಡಿ ಸಿಕ್ತು ಬಿಡು."

"ನಗಬ್ಯಾಡ. ಕಾಲು ಕೆಳಗ ಬಿಡಬ್ಯಾಡ. ಬಿಟ್ರ ಹಿಂದಿನ ಗಾಲಿ ಕಾಲಿನ ಮ್ಯಾಲ ಹಾಯ್ತೈತಿ. ಮತ್ತ ಇದು ಹಿಂದಕ್ಕ ಹೋಗೂದಿಲ್ಲ. ಹಿಂದಿನ ಗೇರು ಇಲ್ಲ. ಕೆಳಗಿಳಿದು ಜಗ್ಗಬೇಕು."

"ನನಗ ಕೆಳಗಿಳಿಯಾಕ ಇನ್ನೊಬ್ರ ಹೆಗಲ ಬೇಕು, ಇಸ್ಮಾಯಿಲ."

"ಹಂಗಾದ್ರ ಮುಂದಿಂದ ನೋಡ್ಕೊಂಡ ಹೋಗು."

ತಲೆಗೆ ತಿಳಿದದ್ದು ಕಾಲಿಗೆ ತಿಳಿಯಬೇಕಲ್ಲ! ಮೊದಲ ರಸ್ತೆ ಉಬ್ಬಿನಲ್ಲೇ ಎಡಗಾಲು ತಾನಾಗಿ ನೆಲಕ್ಕೆ ಹೋಯಿತು. ಹಿಂದಿನ ಗಾಲಿ ಚಪ್ಪಲಿಯ ಹಿಮ್ಮಡಿ ಹಿಡಿದು ಕಿತ್ತುಕೊಂಡು ಹೋಯಿತು. ಪಾದ ಉಳಿದದ್ದು ಅದೃಷ್ಟ. ಸಂಜೆ ಅವಳು ಎರಡೂ ಕಾಲನ್ನು ಹಳೆಯ ಸೀರೆಯ ಅಂಚಿನಿಂದ ಕಾಲಿಡುವ ಫುಟ್‌ರೆಸ್ಟಿಗೆ ಸಡಿಲವಾಗಿ ಕಟ್ಟಿಕೊಂಡು, ಊರ ಹೊರಗಿನ ಬಯಲಲ್ಲಿ ಸುತ್ತು ಹೊಡೆದಳು. ಮರುದಿನವೂ ಹೊಡೆದಳು. ಕಾಲು ಬುದ್ಧಿ ಕಲಿಯುವವರೆಗೆ ಹೊಡೆದಳು.

ಆಮೇಲೆ ಹೊರಟಳು. ನಾಲತವಾಡದ ಸಂತೆಯಲ್ಲಿ ಹುಡುಗರು ಕೂಗಿದರು: "ಆಯೀ, ಎಷ್ಟ ಸೀಟ ಹಾಕ್ತಿ?" "ಒಂದ ಸೀಟು. ಅದು ನಿಮ್ಮದಲ್ಲ!" ಸಿಂದಗಿಯಲ್ಲಿ ಯಾರೋ ಐಸ್‌ಕ್ರೀಮಿನ ಗಾಡಿ ಅಂದರು. ಅವಳು ಹಾರ್ನು ಹೊಡೆದು ತೋರಿಸಿದಳು. ಮಾತು ತಾಗಲಿಲ್ಲ. ತಾಗಿದ್ದು ದಾರಿ. ಹೊಲದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು ಹಾಯ್ದು ಎರಡು ಗೀರು ಬಿದ್ದಿರುತ್ತವೆ, ನಡುವೆ ಹುಲ್ಲಿನ ದಿಬ್ಬ. ಎರಡು ಗಾಲಿಯ ಗಾಡಿ ಒಂದು ಗೀರಿನಲ್ಲಿ ಹಾವಿನಂತೆ ಹರಿದು ಹೋಗುತ್ತದೆ. ಈ ಗಾಡಿಯ ಮುಂದಿನ ಗಾಲಿ ದಿಬ್ಬದ ಮೇಲೆ, ಹಿಂದಿನವು ಗೀರಿನೊಳಗೂ ಇಲ್ಲ, ಹೊರಗೂ ಇಲ್ಲ. ಹೊರ್ತಿ ಊರಿನ ಆಚೆಯ ಕೆರೆ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಸೊಂಟದ ಪಟ್ಟಿ ಕಾದ ಸಲಾಕೆಯಾಗಿತ್ತು. ರಾತ್ರಿ ಸಾಕ್ಷಿ ಬೈಯದೆ ಎಣ್ಣೆ ಹಚ್ಚಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಬೆಳಿಗ್ಗೆ ಯಶೋಧಾ ಮತ್ತೆ ಹೊರಟಳು. ಸಂಜೀವಕುಮಾರ ತನ್ನ ಗಾಡಿಯಲ್ಲಿ ದೂರದಿಂದ ಹಿಂಬಾಲಿಸುತ್ತಿದ್ದ. ಬಿದ್ದರೆ ಎತ್ತಲಿಕ್ಕೋ, ಪೈಜು ನೋಡಲಿಕ್ಕೋ, ಅವನಿಗೇ ಗೊತ್ತಿರಲಿಲ್ಲ.

ಹೀಗೆ ಒಂದೊಂದೇ ಊರು ಮುಟ್ಟುತ್ತ ಬಂದು ಕೊನೆಗೆ ಉಳಿದದ್ದು ಜೋಳದಗುಂಡಿ.

ಜೋಳದಗುಂಡಿಯ ಕೇರಿ ಊರ ತಳದಲ್ಲಿದೆ. ಒಳಗೆ ಹೋಗಲು ಒಂದೇ ಬಾಯಿ. ಆ ಬಾಯಲ್ಲಿ ಎರಡು ಕಲ್ಲು. ಹಿಂದೊಮ್ಮೆ ಕೇರಿಗೆ ನಳ ಬಂದಾಗ, ಟ್ರ್ಯಾಕ್ಟರು ಒಳಗೆ ಹೋದರೆ ಪೈಪು ಒಡೆಯುತ್ತದೆಂದು ನೆಪ ಹೇಳಿ ಪಂಚಾಯಿತಿಯವರು ನಿಲ್ಲಿಸಿದ ಎದೆಯೆತ್ತರದ ಕಲ್ಲುಗಳು. ನಡುವೆ ಮನುಷ್ಯರು ಹಾಯಬಹುದು, ಎಮ್ಮೆ ಹಾಯಬಹುದು, ಮೋಟಾರ್ ಸೈಕಲ್ ಹಾಯಬಹುದು. ಇನ್ನೇನೂ ಹಾಯುವಂತಿಲ್ಲ. ನೀರಿನ ಟ್ಯಾಂಕರು ಬಾಯಲ್ಲೇ ನಿಲ್ಲುತ್ತದೆ, ಕೊಡ ಹೊತ್ತು ಹೆಂಗಸರು ಬರಬೇಕು. ಅಂಬುಲೆನ್ಸು ಬಾಯಲ್ಲೇ ನಿಲ್ಲುತ್ತದೆ, ಬಸುರಿಯನ್ನು ಹೊರಸಿನ ಮೇಲೆ ಹೊತ್ತು ತರಬೇಕು. ಪೈಪಿನಲ್ಲಿ ನೀರು ಬರುವುದು ನಿಂತು ಎಷ್ಟೋ ವರ್ಷವಾಯಿತು. ಕಲ್ಲು ನಿಂತೇ ಇದೆ.

ಕಲ್ಲಿನ ಎದುರು ಮಡಿವಾಳಪ್ಪ ಸಾವ್ಕಾರನ ಅಂಗಡಿ. ಕಲ್ಲು ನಿಲ್ಲಿಸಿದ ಹೊಸದರಲ್ಲಿ ಅಂಗಡಿ ಕಟ್ಟೆಯ ಗಂಡಸರು ಚಹಾ ಕುಡಿದು ಎದ್ದು ಬಂದು ಅದೇ ಕಲ್ಲಿಗೆ ಉಚ್ಚೆ ಹೊಯ್ಯುತ್ತಿದ್ದರು. ಕೇರಿಯ ಬಾಯಲ್ಲವೇ, ಯಾರು ಕೇಳುತ್ತಾರೆ? ಆಗ ಕೇರಿಯ ಮರೆವ್ವ ಬೆಳಗಾಗುವ ಮುಂಚೆ ಎದ್ದು ಎರಡೂ ಕಲ್ಲಿಗೆ ಸುಣ್ಣ ಬಳಿದು, ದೇವರ ಅರಿಸಿನದ ಭಂಡಾರ ಹಚ್ಚಿ, ನಡುವೆ ಒಂದು ಕಾಯಿ ಒಡೆದು ಬಂದಳು. ಅವತ್ತಿನಿಂದ ಅಲ್ಲಿ ಒಂದು ಹನಿ ಬಿದ್ದಿದ್ದರೆ ಕೇಳಿ. ಮುಂದೆ ಅಮಾವಾಸ್ಯೆಗೊಂದು ಕಾಯಿ ಒಡೆಯುವುದು ರೂಢಿಯಾಯಿತು. ಮೇಲಿನ ಓಣಿಯ ಹೆಂಗಸರೂ ಉಡಿ ತುಂಬಿದರು. ಯಾರೋ ಜೋಡಗಲ್ಲಪ್ಪ ಅಂತ ಹೆಸರಿಟ್ಟರು. ಯಾಕೆ ಭಂಡಾರ ಹಚ್ಚಿದ್ದೆಂದು ಊರಿಗೆಲ್ಲ ಗೊತ್ತು, ಆದರೂ ಕೈಗಳು ತಾವೇ ಜೋಡಿಕೊಳ್ಳುತ್ತವೆ. ಹೀಗೆ ಕೇರಿಯನ್ನು ಕಟ್ಟಿ ಹಾಕಿದ ಕಲ್ಲಿಗೆ ಕೇರಿಯೇ ದೇವರ ಪಟ್ಟ ಕೊಟ್ಟಿತು. ಈಗ ಅದನ್ನು ಅಲುಗಿಸುವವರು ಯಾರು?

ಯಶೋಧಾ ಬುದ್ಧನ ಹಾದಿಯವಳು. ಇದೆಲ್ಲ ಹುಚ್ಚು ಅಂತ ಒಂದೆರಡು ಸಲ ಅಂದಿದ್ದಳು. ಹಟ ಹಿಡಿದಿರಲಿಲ್ಲ. ಅವಳ ಗಾಡಿ ನಡುವೆ ಸಲೀಸಾಗಿ ಹಾಯುತ್ತಿತ್ತು.

ಇವತ್ತೂ ಹಾಗೆಯೇ ಹೋದಳು. ಅದೇ ತಪ್ಪು. ಕಾಲಿಗೆ ಕಲಿಸಿದ್ದಳು, ಕೈಗೆ ಕಲಿಸಿದ್ದಳು, ಕಣ್ಣಿಗೆ ಕಲಿಸಿರಲಿಲ್ಲ. ಇಪ್ಪತ್ತು ವರ್ಷ ನೋಡಿದ ಸಂದು. ಮುಂದಿನ ಗಾಲಿ ನೆಟ್ಟಗೆ ಒಳಗೆ ಹೋಯಿತು. ಒಳಗೆ ಬೇವಿನ ಕೆಳಗೆ ಹೆಂಗಸರು ಕೂತು ಕಾಯುತ್ತಿರುವುದು ಕಾಣಿಸಿತು, ಒಂದು ಕೈ ಎತ್ತಿದಳು. ದಡ್ ಎಂದು ಹಿಂದಿನ ಎರಡೂ ಗಾಲಿ ಎರಡೂ ಕಲ್ಲಿಗೆ ಬಡಿದವು. ಹಣೆ ಹೋಗಿ ಹ್ಯಾಂಡಲ್ಲಿಗೆ ತಾಗಿತು. ಎಂಜಿನ್ ಕೆಮ್ಮಿ ಸತ್ತಿತು.

ಅಂಗಡಿ ಕಟ್ಟೆಯಿಂದ ನಗೆ ಎದ್ದಿತು. ಮಡಿವಾಳಪ್ಪ ಹೊರಗೆ ಬಂದ.

"ಯಶೋಧಾಬಾಯಿ, ದೇವರ ಮ್ಯಾಲ ಗಾಡಿ ಹಾಕೀರಲ್ರಿ! ವಯಸ್ಸಾತು, ಕಣ್ಣ ಕಾಣವಲ್ವೇನು?"

"ಇವತ್ತ ಕಂಡಾವ ನೋಡ್ರಿ ಸಾವ್ಕಾರ," ಅಂದಳು ಹಣೆ ಒರೆಸಿಕೊಳ್ಳುತ್ತ.

"ಏ, ಬರ್ರ್ಯೋ ಇಬ್ರು. ಎತ್ತಿ ಹಿಂದಕ್ಕಿಡ್ರಿ. ಪಾಪ, ಹಿರಿ ಹೆಂಗಸು."

ಅಷ್ಟರಲ್ಲಿ ಸಂಜೀವಕುಮಾರ ಓಡಿ ಬಂದ. ಅವಳ ಹಣೆ ನೋಡಿ ಬೆವತು ಹೋಗಿದ್ದ. ಕಿವಿಯ ಹತ್ತಿರ ಬಾಗಿ ಹೇಳಿದ: "ಅಕ್ಕಾರ, ಇಳೀರಿ. ನನ್ನ ಗಾಡಿ ಹಾಯ್ತೈತಿ. ಹಿಂದ ಕುಂದರ್ರಿ, ಬೇವಿನ ಗಿಡದ ಮಟ ಬಿಡ್ತೇನಿ. ಪೈಜು ಗೀಜು ಬಿಡ್ರಿ, ಯಾರು ಕೇಳ್ತಾರ? ಎಲ್ಲಾ ಊರು ಮುಟ್ಟೀರಿ. ಇದೊಂದು ಹತ್ತು ಮಾರು."

ಹತ್ತು ಮಾರು. ಅವಳು ಆ ಕಡೆ ನೋಡಿದಳು. ಹೆಂಗಸರು ಎದ್ದು ನಿಂತಿದ್ದರು. ಇವನ ಬೆನ್ನಿಗೆ ಆತು ಅಲ್ಲಿ ಹೋಗಿ ಇಳಿದರೆ ಯಾರೂ ಏನೂ ಅನ್ನುವುದಿಲ್ಲ. ನೀರು ಕೊಡುತ್ತಾರೆ, ನೊಂದುಕೊಳ್ಳುತ್ತಾರೆ. "ಎಲ್ಲಾ ಚಲೋ ಐತ್ರಿ" ಅನ್ನುತ್ತಾರೆ. ಮುಂದಿನ ತಿಂಗಳು ಸಂಜೀವಕುಮಾರ ಒಬ್ಬನೇ ಬರುತ್ತಾನೆ. ಅವನ ಎರಡು ಗಾಲಿ ಸಂದಿಯಲ್ಲಿ ಹಾಯುತ್ತವೆ, ತನ್ನವು ಇಪ್ಪತ್ತು ವರ್ಷ ಹಾದ ಹಾಗೆ. ಕೊಡ ಹೊತ್ತವರ ಪಕ್ಕದಿಂದ, ಹೊರಸು ಹೊತ್ತವರ ಪಕ್ಕದಿಂದ ಹಾರ್ನು ಹೊಡೆದು ಹಾದಿದ್ದಳಲ್ಲ! ಚಾವಡಿ ಮುಂದೆ ಚಪ್ಪಲಿ ಮೆಟ್ಟಿ ಹೋದವಳು ಈ ಸಂದಿಯಲ್ಲಿ ಮಾತ್ರ ಮೈ ಸಣ್ಣ ಮಾಡಿಕೊಂಡು ಹಾದಿದ್ದಳು. ಅದು ಅವಮಾನ ಅಂತ ಅನ್ನಿಸಲೂ ಇಲ್ಲ. ಮೈ ಸಣ್ಣ ಮಾಡಲು ಬಾರದ ಗಾಡಿ ಬಂದು ಕಲ್ಲಿಗೆ ಬಡಿಯಬೇಕಾಯಿತು.

ಅಂಗಡಿಯ ಇಬ್ಬರು ಹಿಂದಿನಿಂದ ಬಂದು ಅಚ್ಚಿಗೆ ಕೈ ಹಾಕಿದರು.

"ಕೈ ತಗೀರಿ," ಅಂದಳು ಯಶೋಧಾ. ಅವಳ ಸಭೆಯ ದನಿ ಅದು, ಮೈಕು ಬೇಡದ ದನಿ. "ಈ ಗಾಡಿ ಹಿಂದಕ್ಕ ಹೋಗೂದಿಲ್ಲ. ಹಿಂದಕ್ಕ ಹೋಗೂ ಗೇರು ಇದಕ್ಕ ಹಾಕಿಲ್ಲ."

"ಹಂಗಾದ್ರ ಇಳೀರಿ," ಅಂದ ಮಡಿವಾಳಪ್ಪ.

"ಇಳ್ಯಾಕ ಬರೂದಿಲ್ರಿ ನನಗ. ಸೊಂಟ ಮುರದೈತಿ. ಕೇಳಿರಲ್ಲ?"

"ಮತ್ತ ಇಲ್ಲೇ ಕುಂದರಾಕೇನು?"

"ಕುಂತೇನಲ್ರಿ."

ಕುಂತೇ ಬಿಟ್ಟಳು. ಬಿಸಿಲು ಏರುತ್ತಿತ್ತು. ಎರಡು ಗಾಲಿಯ ಗಾಡಿಯಾಗಿದ್ದರೆ ಯಾರಾದರೂ ಸ್ಟ್ಯಾಂಡು ತೆಗೆದು ಪಕ್ಕಕ್ಕೆ ತಳ್ಳಿ ಇಡುತ್ತಿದ್ದರು. ಇದು ವಾಲುವುದೂ ಇಲ್ಲ, ಬೀಳುವುದೂ ಇಲ್ಲ. ಬೆಣೆ ಹೊಡೆದ ಹಾಗೆ ಸಿಕ್ಕು ಕೂತಿತ್ತು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನ ಎಮ್ಮೆ ಒಳಗೆ ಹೋಗುವಂತಿಲ್ಲ. ಎಮ್ಮೆಯೊಂದು ಬಂದು ಹಿಂದಿನ ಗಾಲಿ ಮೂಸಿ ನಿಂತಿತು.

ಒಳಗಿನಿಂದ ಹೆಂಗಸರು ಹತ್ತಿರ ಬಂದರು. ಎಲ್ಲರಿಗಿಂತ ಮುಂದೆ ಮರೆವ್ವ, ಬಗ್ಗಿದ ಬೆನ್ನು, ಹಣೆಯ ತುಂಬ ಭಂಡಾರ. ಗಾಡಿ ನೋಡಿದಳು, ಕಲ್ಲು ನೋಡಿದಳು.

"ಯವ್ವಾ ಯಶೋಧಾ, ಏನ ಮಾಡೂಣ ಈಗ? ಗಾಡಿ ಮುಟ್ಟೂಣೇನು, ಕಲ್ಲ ಮುಟ್ಟೂಣೇನು?"

"ಮರೆವ್ವಾ, ನೀ ಈ ಕಲ್ಲಿಗೆ ಭಂಡಾರ ಯಾಕ ಹಚ್ಚಿದಿ?"

"ಅಯ್ಯ, ಊರಿಗೆಲ್ಲಾ ಗೊತ್ತೈತಿ. ಈ ಕಟ್ಟೀ ಮ್ಯಾಗಿನ ಭಾಡ್ಯಾಗೋಳು ಉಚ್ಚಿ ಹೊಯ್ತಿದ್ರು."

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು.

"ಈಗ ಹೊಯ್ತಾರೇನು?"

"ಎಲ್ಲಿ ಧೈರ್ಯ!"

"ಹಂಗಾದ್ರ ಅದರ ಕೆಲಸ ಮುಗೀತಿಲ್ಲ?"

ಮರೆವ್ವ ಕಲ್ಲಿನ ಮೇಲೆ ಕೈ ಇಟ್ಟಳು. ಅವಳ ಹಿಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಮೂರು ದಿನ ಹಾಲು ಕೊಡದ ಎಮ್ಮೆ, ಜ್ವರ ಬಂದ ಮೊಮ್ಮಗ, ಎಲ್ಲಕ್ಕೂ ಈ ಕಲ್ಲಿನ ಮುಂದೆ ಬಂದು ಸೆರಗೊಡ್ಡಿದವರು ಅವರು. ಅಂಜಿಕೆ ನಿಜವೇ ಇತ್ತು. ಯಶೋಧಾ ಅದನ್ನು ನೋಡಿದಳು. ಬಯ್ಯಲಿಲ್ಲ, ಭಾಷಣ ಮಾಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮರೆವ್ವ ಒಂದು ತಂಬಿಗೆ ನೀರು ತರಿಸಿದಳು. ಎರಡೂ ಕಲ್ಲಿನ ತಲೆಗೆ ಸುರಿದು, ಹಸ್ತದಿಂದ ಸವರಿ, ಮಗುವಿಗೆ ಹೇಳುವಂತೆ ಹೇಳಿದಳು: "ಏಳಪಾ ನನ್ನಪ್ಪಾ. ಬಾಳ ವರ್ಷ ನಿಂತಿ. ಕಾಲ ಸೇದಿರಬೇಕು. ಬೇವಿನ ನೆಳ್ಳಿಗೆ ಬಂದು ಕುಂದರು, ಬಾ." ಆಮೇಲೆ ತಿರುಗಿ ಬೇರೆಯದೇ ದನಿಯಲ್ಲಿ: "ಏನ ನೋಡ್ತೀರೇ? ಹಾರಿ ತರ್ರಿ! ಗುದ್ದಲಿ ತರ್ರಿ!"

ಅಗೆಯುವುದು ಆ ಹೆಂಗಸರ ಉದ್ಯೋಗ. ಕೆರೆ ಅಗೆದವರು, ಬದು ಅಗೆದವರು, ಸಾವ್ಕಾರನ ಹೊಲದ ಬಾವಿ ಅಗೆದವರು. ಮಡಿವಾಳಪ್ಪ ಕಟ್ಟೆಯಿಂದ ಇಳಿದು ಬಂದ.

"ಏ ಏ! ಅದು ಪಂಚಾಯ್ತಿ ಕಲ್ಲು! ಪೈಪ್ ಒಡೀತಾವ!"

"ಯಾವ ಪೈಪ್ರಿ? ನೀರ ಬರೂ ಪೈಪ್ ಒಂದ ತೋರಸ್ರಿ, ಬಿಟ್ಟಬಿಡ್ತೇವಿ," ಅಂದಳು ಒಬ್ಬಳು, ಗುದ್ದಲಿ ಎತ್ತಿ.

"ದೇವರನ್ನ ಕೀಳ್ತೀರೇನು?"

"ನಮ್ಮ ದೇವರು, ನಾವು ಎಲ್ಲೆರೆ ಕುಂದರಸ್ತೇವಿ," ಅಂದಳು ಮರೆವ್ವ. "ನಿನ್ನ ದೇವರ ಸುದ್ದಿಗೆ ನಾವು ಬರ್ತೇವೇನು?"

ಕಲ್ಲಿನ ಬುಡಕ್ಕೆ ಕಾಂಕ್ರೀಟು ಸುರಿದಿದ್ದರು. ಬೇಗ ಬರಲಿಲ್ಲ. ಹಾರೆಯ ಪ್ರತಿ ಪೆಟ್ಟೂ ಗಾಡಿಯೊಳಗಿಂದ ಹಾದು ಯಶೋಧಾಳ ಸೊಂಟಕ್ಕೆ ಬಂದು ಮುಟ್ಟುತ್ತಿತ್ತು. ಹಲ್ಲು ಕಚ್ಚಿ ಕೂತಳು. ಇಳಿಸುತ್ತೇವೆ ಅಂದವರಿಗೆ ತಲೆಯಾಡಿಸಿದಳು. ತಾನು ಇಳಿದ ಕ್ಷಣ ಆ ಕಟ್ಟೆಯವರು ಗಾಡಿ ಎತ್ತಿ ಬಿಸಾಡುತ್ತಾರೆ, ಬಾಯಿ ತೆರೆಯುತ್ತದೆ, ಕಲ್ಲು ಮತ್ತೆ ಕಲ್ಲಾಗಿ ಉಳಿಯುತ್ತದೆ. ಸಂಜೀವಕುಮಾರ ಅತ್ತಿತ್ತ ನೋಡಿ, ಅಂಗಿ ಬಿಚ್ಚಿ ಗಾಡಿಯ ಮೇಲೆ ಒಗೆದು, ಕಲ್ಲಿನಾಚೆ ನಿಂತ ಮುದುಕಿಯೊಬ್ಬಳ ಕೈಯಿಂದ ಹಾರೆ ಇಸಿದುಕೊಂಡ.

"ಪೈಜು ಸೋಲ್ತಿಯಲ್ಲೋ ಸಂಜೂ," ಅಂದಳು ಯಶೋಧಾ.

"ಮಾತಾಡಸಬ್ಯಾಡ್ರಿ ಅಕ್ಕಾರ, ಉಸರ ಹೋಗ್ತೈತಿ."

ಹೊತ್ತು ನೆತ್ತಿಯಿಂದ ಇಳಿಯುವಾಗ ಎಡಗಡೆಯ ಕಲ್ಲು ಅಲುಗಿತು. ಎಲ್ಲರೂ ಹೆಗಲು ಕೊಟ್ಟು ಕೆಡವಿ, ಉರುಳಿಸಿಕೊಂಡು ಹೋಗಿ ಬೇವಿನ ಬುಡಕ್ಕೆ ಒರಗಿಸಿದರು. ಬಲಗಡೆಯದು ಅಷ್ಟು ಕಾಡಲಿಲ್ಲ. ಮಡಿವಾಳಪ್ಪ ಫೋನು ಕಿವಿಗೆ ಹಿಡಿದು ಜೋರಾಗಿ, ಎಲ್ಲರಿಗೂ ಕೇಳುವಂತೆ, ಪೊಲೀಸರಿಗೆ ಹೇಳುತ್ತಿದ್ದ.

"ಜೀಪ್ ತಗೊಂಡ ಬರಾಕ ಹೇಳ್ರಿ ಸಾವ್ಕಾರ," ಯಶೋಧಾ ಕೂಗಿದಳು. "ಒಳಗಿನ ಮಟ ಬರ್ತೈತಿ ಈಗ!"

ಮೊದಲನೇ ಸಲಕ್ಕೆ ಎಂಜಿನ್ ಹಿಡಿಯಲಿಲ್ಲ. ಎರಡನೇ ಸಲಕ್ಕೂ ಇಲ್ಲ. ಮೂರನೇ ಸಲ ಹಿಡಿಯಿತು. ಬಡಿದ ಪೆಟ್ಟಿಗೆ ಅಚ್ಚು ಸ್ವಲ್ಪ ಸೊಟ್ಟಗಾಗಿತ್ತು, ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅವಳು ಹ್ಯಾಂಡಲ್ಲನ್ನು ಬಲಕ್ಕೆ ಒತ್ತಿ ಹಿಡಿದು, ಕುಣಿಗಳ ಮೇಲೆ ಅಡ್ಡ ಹಾಸಿದ ಹಲಗೆ ಹಾಯ್ದು, ಹೆಂಗಸರ ನಡುವಿನಿಂದ ನಿಧಾನವಾಗಿ ಒಳಗೆ ಹೋದಳು. ಬೇವಿನ ಕೆಳಗೆ ನಿಲ್ಲಿಸಿದಳು. ಕಾಲು ಕೆಳಗೆ ಬಿಡಲಿಲ್ಲ.

ಸಂಜೀವಕುಮಾರ ಮೈಯೆಲ್ಲ ಮಣ್ಣಾಗಿ ಹಿಂದೆಯೇ ಬಂದ. ಸಭೆಗೆ ಕೂರಲು ಜಾಗ ಹುಡುಕುತ್ತಿದ್ದ.

"ಸಂಜೂ, ಆ ಕುಣಿ ಎರಡೂ ಮುಚ್ಚಿ ಬಾ. ರಾತ್ರಿ ಯಾರೆರೆ ಬಿದ್ದಾರು. ಚೆಂದಗೆ ತುಂಬು, ತಡಾ ಆದ್ರೂ ಆಗಲಿ."

ಅವನು ಅವಳ ಮುಖ ನೋಡಿದ. ಸುತ್ತ ನಿಂತ ಹೆಂಗಸರನ್ನು ನೋಡಿದ. ಏನೋ ತಿಳಿದವನಂತೆ ಸಲಿಕೆ ತೆಗೆದುಕೊಂಡು ಹೊರಟು ಹೋದ.

ಅವನು ಅಷ್ಟು ದೂರ ಹೋಗುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ನಿಂತಿದ್ದ, ಅಂಗೈ ಬೊಬ್ಬೆ ಒಡೆದಿದ್ದ ಹೆಂಗಸೊಬ್ಬಳು ಮುಂದೆ ಬಂದು ಹ್ಯಾಂಡಲ್ಲಿನ ಮೇಲೆ ಕೈ ಇಟ್ಟು, ದನಿ ಇಳಿಸಿ, "ಅಕ್ಕಾ, ಆ ಮೇಸ್ತ್ರಿದು ಒಂದ ಮಾತ ಐತ್ರಿ" ಅಂದಳು.

"ಹೇಳವಾ," ಅಂದು ಯಶೋಧಾ ಎಂಜಿನ್ ಆರಿಸಿದಳು.